ಸೆನ್ಸರ್ ಬದಲಿಸೋ ಮುಂಚೆ ವೈರ್ ನೋಡ್ರಿ

ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಹಳದಿ ಇಂಜಿನ್ ಲೈಟ್ ಹತ್ತಿತು ಅಂದ್ರೆ ಈಗ ಎಲ್ಲ ಕಡೆ ನಡೆಯೋದು ಒಂದೇ. ಸ್ಕ್ಯಾನರ್ ಹಚ್ಚೋದು, ಕೋಡ್ ಓದೋದು, ಅದರಲ್ಲಿ ಯಾವ ಸೆನ್ಸರಿನ ಹೆಸರು ಬಂತೋ ಅದನ್ನ ತಂದು ಹಾಕೋದು. ಲೈಟ್ ಮತ್ತೆ ಬಂದ್ರೆ ‘ಪಾರ್ಟ್ ಡುಪ್ಲಿಕೇಟ್ ಇರಬೇಕು’ ಅಂತ ಇನ್ನೊಂದು ಸೆನ್ಸರ್. ರೊಕ್ಕ ಹೋಗೋದು ಗಾಡಿ ಮಾಲೀಕರದ್ದು. ಬೀದರ್‌ನಿಂದ ಭಾಲ್ಕಿ, ಔರಾದ ಕಡೆ ಬಾಡಿಗೆ ಹೊಡೆಯೋರ ಗಾಡಿ ಎರಡು ದಿನ ನಿಂತರೆ ಆ ಎರಡು ದಿನದ ಗಳಿಕೆಯೂ ಹೋಯ್ತು. ಇದನ್ನ ರಿಪೇರಿ ಅನ್ನೋದಕ್ಕಿಂತ ಅಂದಾಜು ಅನ್ನೋದೇ ಸರಿ. ಇಂಜಿನಿಯರಿಂಗ್ ಓದೋ ನಾವಂತೂ ಈ ಅಭ್ಯಾಸಕ್ಕೆ ಬೀಳಬಾರದು ಅನ್ನೋದು ನಮ್ಮ ಅಭಿಪ್ರಾಯ.

ಒಂದು ಕೋಡ್ ತಗೊಂಡೇ ನೋಡೋಣ: ಪಿ0118. ಅಮೆರಿಕದಲ್ಲಿ 1996ರಿಂದ ಕಡ್ಡಾಯವಾದ ಒಬಿಡಿ-2 ಪದ್ಧತಿಯಲ್ಲಿ ಪಿ0 ಅಂತ ಶುರುವಾಗುವ ಕೋಡುಗಳ ಅರ್ಥ ಎಲ್ಲ ಕಂಪನಿಗಳಿಗೂ ಒಂದೇ. ಈ ಕೋಡಿಗೆ ಸ್ಕ್ಯಾನರ್ ಕೊಡುವ ವಿವರಣೆ ‘ಇಂಜಿನ್ ಕೂಲಂಟ್ ಟೆಂಪರೇಚರ್ ಸೆನ್ಸರ್ ಸರ್ಕ್ಯೂಟ್ ಹೈ’. ಓದಿದ ಕೂಡಲೇ ‘ಇಂಜಿನ್ ಹೀಟ್ ಆಗಿದೆ’ ಅನ್ನಿಸುತ್ತೆ. ನಿಜ ಅದರ ಉಲ್ಟಾ.

ಹೇಗೆ ಅಂದ್ರೆ, ಈ ಸೆನ್ಸರ್ ಒಂದು ಥರ್ಮಿಸ್ಟರ್. ಬಿಸಿ ಏರಿದ ಹಾಗೆ ಇದರ ರೆಸಿಸ್ಟೆನ್ಸ್ ಇಳಿಯುತ್ತೆ. ಇಸಿಯು ತನ್ನೊಳಗಿನ ಒಂದು ರೆಸಿಸ್ಟರ್ ಮೂಲಕ ಇದಕ್ಕೆ 5 ವೋಲ್ಟ್ ಕೊಟ್ಟು, ಸೆನ್ಸರಿನ ಮೇಲೆ ಎಷ್ಟು ವೋಲ್ಟೇಜ್ ನಿಂತಿದೆ ಅಂತ ನೋಡುತ್ತೆ. ಬಿಸಿ ಇದ್ದರೆ ಕಡಿಮೆ, ತಣ್ಣಗಿದ್ದರೆ ಜಾಸ್ತಿ. ಮೊದಲ ವರ್ಷ ಬೇಸಿಕ್ ಎಲೆಕ್ಟ್ರಿಕಲ್‌ನಲ್ಲಿ ನಾವೆಲ್ಲ ಬರೆದ ವೋಲ್ಟೇಜ್ ಡಿವೈಡರ್ ಇದೇ! ಈಗ ವೈರ್ ಎಲ್ಲೋ ತುಂಡಾಯ್ತು ಅನ್ಕೊಳ್ಳಿ. ಕರೆಂಟ್ ಹರಿಯಲ್ಲ, ಇಸಿಯುಗೆ ಪೂರ್ತಿ 5 ವೋಲ್ಟ್ ಹತ್ತಿರ ಕಾಣುತ್ತೆ. ಆಗ ಸ್ಕ್ಯಾನರಿನ ಲೈವ್ ಡೇಟಾದಲ್ಲಿ ಸಾಮಾನ್ಯವಾಗಿ ಮೈನಸ್ 40 ಡಿಗ್ರಿ ಅಂತ ಬರುತ್ತೆ. ಬೀದರ್ ಚಳಿ ಎಷ್ಟೇ ಜೋರಿದ್ರೂ ಮೈನಸ್ 40 ಅಂತೂ ಅಲ್ಲ. ಅಂದ್ರೆ ‘ಹೈ’ ಆಗಿದ್ದು ವೋಲ್ಟೇಜ್. ಇದೇ ವೈರ್ ಬಾಡಿಗೆ ತಾಗಿ ಶಾರ್ಟ್ ಆದ್ರೆ ವೋಲ್ಟೇಜ್ ಸೊನ್ನೆಗೆ ಇಳಿದು ಪಿ0117 ಬರುತ್ತೆ.

ಕೋಡಿನಲ್ಲಿ ‘ಸರ್ಕ್ಯೂಟ್’ ಅನ್ನೋ ಶಬ್ದ ಇರೋದು ಇದಕ್ಕೇ. ಸೆನ್ಸರ್, ಪ್ಲಗ್ಗಿನ ಪಿನ್ನು, ಸಿಗ್ನಲ್ ವೈರ್, ಅರ್ಥ್ ವೈರ್, ಇಸಿಯು, ಎಲ್ಲವೂ ಸಂಶಯದ ಪಟ್ಟಿಯಲ್ಲಿವೆ. ಮಳೆಗಾಲದಲ್ಲಿ ಪಿನ್ನಿಗೆ ಹಸಿರು ತುಕ್ಕು ಹಿಡಿಯುತ್ತೆ. ಕಣಜದ ಪಕ್ಕ ನಿಲ್ಲಿಸಿದ ಗಾಡಿಯ ವೈರನ್ನು ಇಲಿ ಕಡಿಯುತ್ತೆ. ಹೊಸ ಸೆನ್ಸರ್ ಹಾಕಿದರೆ ಇಲಿ ಕಡಿದ ವೈರ್ ಕೂಡುತ್ತಾ?

ಹುಡುಕೋ ರೀತಿ ಸರಳ. ಇಂಜಿನ್ ತಣ್ಣಗಿರಲಿ, ಕೀ ಆನ್ ಮಾಡಿ, ಸ್ಟಾರ್ಟ್ ಬೇಡ. ಸೆನ್ಸರಿನ ಪ್ಲಗ್ ಬಿಚ್ಚಿ, ಪ್ಲಗ್ಗಿನ ಎರಡೂ ಪಿನ್ನನ್ನು ಚಿಕ್ಕ ವೈರ್ ತುಂಡಿನಿಂದ ಜೋಡಿಸಿ. ಲೈವ್ ಡೇಟಾ ಮೈನಸ್ 40ರಿಂದ ನೂರು ದಾಟಿ ಮೇಲೆ ಹಾರಿದರೆ ವೈರೂ ಇಸಿಯೂ ಚೆನ್ನಾಗಿವೆ. ತಪ್ಪು ಸೆನ್ಸರಿನಲ್ಲಿ ಇಲ್ಲವೇ ಪಿನ್ನಿನಲ್ಲಿ. ಹಾರಲಿಲ್ಲವಾ, ಸೆನ್ಸರಿಗೆ ರೊಕ್ಕ ಹಾಕಬೇಡಿ. ಜೋಡಿಸಿದ ತುಂಡು ತೆಗೆದು ಸಿಗ್ನಲ್ ಪಿನ್ನಿಗೂ ಬ್ಯಾಟರಿ ನೆಗೆಟಿವ್‌ಗೂ ಮೀಟರ್ ಹಿಡಿಯಿರಿ. 5 ವೋಲ್ಟ್ ಬಂದರೆ ಅರ್ಥ್ ಕಡೆ ನೋಡಿ, ಬರದಿದ್ದರೆ ಸಿಗ್ನಲ್ ವೈರ್ ಹಿಡಿದು ಇಸಿಯುವರೆಗೆ ಹೋಗಿ. ಒಂದು ಎಚ್ಚರಿಕೆ: ಪಿನ್ ಜೋಡಿಸೋದು ಎರಡು ವೈರಿನ ಟೆಂಪರೇಚರ್ ಸೆನ್ಸರಿಗೆ ಮಾತ್ರ, ಮೂರು ವೈರಿನದ್ದಕ್ಕೆ ಬೇಡ.

ಈ ಪದ್ಧತಿ ನಮ್ಮ ನೌಬಾದಕ್ಕೆ ಹೊಸದಲ್ಲ. ಬಹಮನಿ ಕಾಲದ ನಮ್ಮ ಕರೇಜ್ ನೆಲದೊಳಗೆ ಎರಡು ಕಿಲೋಮೀಟರಿಗೂ ಹೆಚ್ಚು ಉದ್ದ ಇದೆ. ಮೇಲೆ ಸಾಲಾಗಿ ಗಾಳಿ ಬಾವಿಗಳು. ನೀರು ನಿಂತರೆ ಇಡೀ ಸುರಂಗ ಅಗೆಯೋ ಕೆಲಸ ಇಲ್ಲ. ಒಂದು ಬಾವಿಯಲ್ಲಿ ನೀರಿದೆ, ಮುಂದಿನದರಲ್ಲಿ ಇಲ್ಲ ಅಂದ್ರೆ ಹೂಳು ಆ ಎರಡರ ನಡುವೆ. ವೈರಿಂಗಿನಲ್ಲೂ ಅಷ್ಟೇ, ಪ್ರತಿ ಪ್ಲಗ್ಗೂ ಒಂದು ಗಾಳಿ ಬಾವಿ.

‘ಗಿರಾಕಿ ಕಾಯ್ತಾ ಕೂತಿರ್ತಾರೆ, ಇಷ್ಟೆಲ್ಲ ಎಲ್ಲಿ ಮಾಡೋದು’ ಅಂತ ಉಸ್ತಾದರು ಕೇಳಬಹುದು. ಅವರ ಮಾತಿನಲ್ಲೂ ನ್ಯಾಯ ಇದೆ. ಆದ್ರೆ ಮೇಲಿನ ಪರೀಕ್ಷೆಗೆ ಹತ್ತು ಹದಿನೈದು ನಿಮಿಷ ಸಾಕು, ತಪ್ಪು ಪಾರ್ಟ್ ತಂದು ಹಾಕಿ ಮತ್ತೆ ಬಿಚ್ಚೋಕೆ ಅದಕ್ಕಿಂತ ಜಾಸ್ತಿ ಬೇಕು. ಅವರ ಕೈಯಲ್ಲಿ ವರ್ಷಗಟ್ಟಲೆ ಅನುಭವ ಇದೆ, ಅಡ್ಡ ಬರೋದು ಸ್ಕ್ಯಾನರಿನ ಇಂಗ್ಲಿಷ್. ಇಂಗ್ಲಿಷ್ ಮೀಡಿಯಂನ ನಮಗೆ ಆ ಶಬ್ದ ಎಲ್ಲ ಗೊತ್ತು, ಆದ್ರೆ ನಮ್ಮ ಮೀಟರ್ ಲ್ಯಾಬಿನ ಬೀರು ಬಿಟ್ಟು ಹೊರಗೆ ಬರಲ್ಲ.

ಹಾಗಾಗಿ ನಮ್ಮ ಕನ್ನಡ ಸಂಘಕ್ಕೆ ಒಂದು ಸಲಹೆ. ರಾಜ್ಯೋತ್ಸವಕ್ಕೆ ಹಾಡು, ನಾಟಕ ಇರಲಿ, ಬೇಕು. ಅದರ ಜೊತೆ ಈ ವರ್ಷ ಗ್ಯಾರೇಜಿನ ಗೋಡೆಗೆ ಅಂಟಿಸೋ ಒಂದು ಹಾಳೆ ಮಾಡೋಣ. ಹತ್ತು ಸರ್ಕ್ಯೂಟ್ ಕೋಡು, ಪ್ರತಿಯೊಂದರ ಅರ್ಥ ಕನ್ನಡದಲ್ಲಿ, ಮೀಟರ್ ಎಲ್ಲಿ ಹಿಡಿಯಬೇಕು, ಎಷ್ಟು ಬರಬೇಕು. ಬರೆಯೋದು ನಾವು, ತಿದ್ದೋದು ಉಸ್ತಾದರು. ಮೊದಲ ಸಾಲು ಪಿ0118ರದ್ದೇ ಇರಲಿ: ‘ಇಲ್ಲಿ ಹೈ ಅಂದ್ರೆ ವೋಲ್ಟೇಜ್ ಜಾಸ್ತಿ, ಬಿಸಿ ಅಲ್ಲ. ಮೊದಲು ಪ್ಲಗ್ ಬಿಚ್ಚಿ ನೋಡ್ರಿ.’