ಮುತ್ತಮ್ಮನವರನ್ನು ಮರೆತ ನಾಡಿನಲ್ಲಿ

2025ರ ಮೇ ತಿಂಗಳಲ್ಲಿ ಬೆಳಗಾವಿ ಜಿಲ್ಲೆ ಹೆಮ್ಮೆಯಿಂದ ಬೀಗಿತು. ‘ಆಪರೇಷನ್ ಸಿಂಧೂರ’ದ ವಿವರಗಳನ್ನು ದೇಶದ ಮುಂದಿಟ್ಟ ಕರ್ನಲ್ ಸೋಫಿಯಾ ಖುರೇಷಿ ಗೋಕಾಕ ತಾಲೂಕಿನ ಕೊಣ್ಣೂರಿನ ಸೊಸೆ ಎಂಬ ಸುದ್ದಿ ಹರಡಿತ್ತು. ಮಧ್ಯಪ್ರದೇಶದ ಮಂತ್ರಿಯೊಬ್ಬರು ಆಕೆಯ ಧರ್ಮವನ್ನು ಹಿಡಿದು ನಾಲಗೆ ಹರಿಯಬಿಟ್ಟು ಸುಪ್ರೀಂ ಕೋರ್ಟಿನಿಂದ ಛೀಮಾರಿ ಹಾಕಿಸಿಕೊಂಡದ್ದೂ ಆಗಲೇ. ಅದಿರಲಿ. ಇದೇ ಅಧಿಕಾರಿ 2006ರಲ್ಲಿ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯಲ್ಲಿ ಕಾಂಗೋ ದೇಶಕ್ಕೆ ಹೋಗಿದ್ದರು. ಆಗ ಯಾವ ಚೌಕದಲ್ಲಿ ಪಟಾಕಿ ಸಿಡಿಯಿತು? ಯುದ್ಧದ ಸುದ್ದಿ ಹೇಳಿದಾಗ ಮಾತ್ರ ಹೆಣ್ಣುಮಗಳು ನಮ್ಮ ಕಣ್ಣಿಗೆ ಬೀಳುತ್ತಾಳೆ ಎಂದಾದರೆ, ನಮ್ಮ ಕಣ್ಣನ್ನೇ ಪರೀಕ್ಷಿಸಿಕೊಳ್ಳಬೇಕಾಗಿದೆ.

ಚೋಣಿರ ಬೆಳ್ಳಿಯಪ್ಪ ಮುತ್ತಮ್ಮ ಎಂಬ ಹೆಸರನ್ನು ನಮ್ಮಲ್ಲಿ ಎಷ್ಟು ಮಂದಿ ಕೇಳಿದ್ದಾರೆ? 1924ರ ಜನವರಿ 24ರಂದು ಕೊಡಗಿನ ವಿರಾಜಪೇಟೆಯಲ್ಲಿ ಹುಟ್ಟಿದವರು. ಒಂಬತ್ತು ವರ್ಷಕ್ಕೇ ತಂದೆಯನ್ನು ಕಳೆದುಕೊಂಡ ಈ ಹುಡುಗಿ ಮಡಿಕೇರಿಯಲ್ಲಿ ಶಾಲೆ ಓದಿ, ಮದ್ರಾಸಿನಲ್ಲಿ ಇಂಗ್ಲಿಷ್ ಎಂ.ಎ. ಮಾಡಿ, 1949ರಲ್ಲಿ ಭಾರತೀಯ ವಿದೇಶಾಂಗ ಸೇವೆಗೆ ಸೇರಿದ ಮೊದಲ ಮಹಿಳೆಯಾದರು. ಸಂದರ್ಶನದಲ್ಲಿ ಕುಳಿತಿದ್ದ ದೊಡ್ಡವರು, ಈ ಕೆಲಸ ಹೆಣ್ಣಿಗೆ ಹೊಂದುವುದಿಲ್ಲವೆಂದು ಆಕೆಯ ಮನಸ್ಸು ತಿರುಗಿಸಲು ನೋಡಿದರಂತೆ. ಕೊನೆಗೆ, ಮದುವೆಯಾದರೆ ರಾಜೀನಾಮೆ ಕೊಡುತ್ತೇನೆಂದು ಬರೆಸಿಕೊಂಡೇ ಒಳಗೆ ಬಿಟ್ಟರು. ಗಂಡಸರಿಂದ ಇಂತಹ ಮುಚ್ಚಳಿಕೆಯನ್ನು ಯಾರೂ ಕೇಳಲಿಲ್ಲ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಆಕೆ ಮದುವೆಯಾಗಲಿಲ್ಲ. ಹಂಗೇರಿಯಲ್ಲಿ, ಘಾನಾದಲ್ಲಿ, ಕೊನೆಗೆ ನೆದರ್‌ಲೆಂಡ್ಸಿನಲ್ಲಿ ರಾಯಭಾರಿಯಾದರು. ಆದರೆ ಬಡ್ತಿಯ ಸರದಿ ಬಂದಾಗ ಹೆಣ್ಣೆಂಬ ಕಾರಣಕ್ಕೆ ತನ್ನನ್ನು ಹಿಂದೆ ತಳ್ಳಲಾಯಿತೆಂದು ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು. ಮದುವೆಗೆ ಮುನ್ನ ಮಹಿಳಾ ಅಧಿಕಾರಿ ಸರಕಾರದ ಅನುಮತಿ ಪಡೆಯಬೇಕು, ಸಂಸಾರದಿಂದ ಕೆಲಸಕ್ಕೆ ತೊಂದರೆ ಎನಿಸಿದರೆ ಆಕೆಯಿಂದ ರಾಜೀನಾಮೆ ಕೇಳಬಹುದು ಎಂಬ ನಿಯಮ ಆಗಲೂ ಪುಸ್ತಕದಲ್ಲಿತ್ತು. ಪ್ರಕರಣ ನಡೆಯುತ್ತಿರುವಾಗಲೇ ಸರಕಾರ ಬಡ್ತಿ ಕೊಟ್ಟು ಕೈತೊಳೆದುಕೊಂಡಿತು. ಆದ್ದರಿಂದ 1979ರ ಸೆಪ್ಟೆಂಬರಿನಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅರ್ಜಿಯನ್ನು ವಜಾ ಮಾಡಿದರು. ಆದರೆ ಸುಮ್ಮನೆ ಬಿಡಲಿಲ್ಲ. ಸಂಸಾರದ ಹೊರೆ ಹೆಣ್ಣಿಗೆ ಅಡ್ಡಿಯಾಗುವುದಾದರೆ ಗಂಡಿಗೂ ಆಗಬಹುದಲ್ಲವೇ ಎಂದು ಕೇಳಿದರು. ಲಿಂಗ ತಾರತಮ್ಯದ ಕಳಂಕವಿರುವ ಸೇವಾ ನಿಯಮಗಳನ್ನೆಲ್ಲ ತಿದ್ದಬೇಕೆಂದು ಸರಕಾರಕ್ಕೆ ಬುದ್ಧಿ ಹೇಳಿದರು.

ಮರುವರ್ಷ, ಅಂದರೆ 1980ರಲ್ಲಿ, ಸ್ವೀಡನ್ನಿನ ಓಲೋಫ್ ಪಾಲ್ಮೆ ಅವರು ನಿಶ್ಶಸ್ತ್ರೀಕರಣ ಮತ್ತು ಭದ್ರತೆಯ ಬಗ್ಗೆ ಒಂದು ಸ್ವತಂತ್ರ ಆಯೋಗವನ್ನು ಕಟ್ಟಿದರು. ಅಮೆರಿಕದಿಂದ ಸೈರಸ್ ವ್ಯಾನ್ಸ್, ಸೋವಿಯತ್ ಒಕ್ಕೂಟದಿಂದ ಗಿಯೋರ್ಗಿ ಅರ್ಬಾತೋವ್, ಭಾರತದಿಂದ ನಮ್ಮ ಮುತ್ತಮ್ಮ. ನಾರ್ವೆಯಿಂದ ಬಂದವರು ಗ್ರೋ ಹಾರ್ಲೆಮ್ ಬ್ರುಂಟ್‌ಲಾಂಡ್. ವೈದ್ಯೆ, ನಾಲ್ಕು ಮಕ್ಕಳ ತಾಯಿ. ಆಯೋಗದ ಕೆಲಸ ನಡೆಯುತ್ತಿರುವಾಗಲೇ, 1981ರಲ್ಲಿ, ಆಕೆ ತನ್ನ ದೇಶದ ಪ್ರಧಾನಿಯೂ ಆದರು. ಒಂದೇ ಆಯೋಗದ ಇಬ್ಬರು ಹೆಂಗಸರು. ಒಬ್ಬರ ಸಂಸಾರ ಯಾರಿಗೂ ಭಾರವಾಗಲಿಲ್ಲ. ಇನ್ನೊಬ್ಬರಿಗೆ ಸಂಸಾರವೇ ಬೇಡವೆಂದು ಬರೆಸಿಕೊಳ್ಳಲಾಗಿತ್ತು. ಹೆಣ್ಣನ್ನು ದೇವತೆಯೆಂದು ಹಾಡುವ ನಾಡಿಗೆ ಈ ಹೋಲಿಕೆ ಅಷ್ಟೇನೂ ಹಿತವಾಗಿಲ್ಲ.

1982ರಲ್ಲಿ ಹೊರಬಂದ ಆಯೋಗದ ವರದಿಯ ತಿರುಳು ಸರಳ. ಅಣ್ವಸ್ತ್ರಗಳ ಕಾಲದಲ್ಲಿ ವೈರಿಯನ್ನು ಹೆದರಿಸಿ ನಾವು ನೆಮ್ಮದಿಯಿಂದಿರಲು ಸಾಧ್ಯವಿಲ್ಲ, ಅವನೂ ನಿರ್ಭಯನಾಗಿದ್ದರೆ ಮಾತ್ರ ನಾವೂ ನಿರ್ಭಯರು. ಇದನ್ನವರು ‘ಸಮಾನ ಭದ್ರತೆ’ ಎಂದರು. ಬರೀ ಉಪದೇಶ ಮಾಡಿ ಎದ್ದು ಹೋಗಲಿಲ್ಲ. ಮಧ್ಯ ಯುರೋಪಿನ ಗಡಿಯ ಎರಡೂ ಬದಿಗೆ 150 ಕಿಲೋಮೀಟರ್ ಉದ್ದಕ್ಕೆ ರಣರಂಗದ ಅಣ್ವಸ್ತ್ರಗಳನ್ನು ಹಿಂದೆಗೆಯಿರಿ ಎಂದು ಅಳತೆ ಹಿಡಿದು ಹೇಳಿದರು. ಅದೇ ವರ್ಷ ಮುತ್ತಮ್ಮ ನಿವೃತ್ತರಾದರು. 2009ರ ಅಕ್ಟೋಬರಿನಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು.

ಬೆಳಗಾವಿಗೂ ಇದಕ್ಕೂ ಏನು ಸಂಬಂಧ ಎನ್ನುವವರಿದ್ದಾರೆ. ಬೆಳಗಾವಿಗಿಂತ ಹೆಚ್ಚು ಸಂಬಂಧ ಬೇರಾರಿಗಿದೆ ಎಂದು ನಾವು ಕೇಳುತ್ತೇವೆ. ಮರಾಠಾ ಲಘು ಪದಾತಿದಳದ ತರಬೇತಿ ಕೇಂದ್ರ ಇಲ್ಲಿದೆ. ಸಾಂಬ್ರಾದಲ್ಲಿ ವಾಯುಪಡೆಯ ನೆಲೆಯಿದೆ. ಖಾನಾಪುರದ ಹಳ್ಳಿಗಳಲ್ಲಿ ಗಡಿಗೆ ಹೋದ ಮಗನ ಫೋನಿಗಾಗಿ ಕಾಯುವ ತಾಯಂದಿರಿದ್ದಾರೆ. ಶಸ್ತ್ರ ನಿಯಂತ್ರಣವೆಂದರೆ ಜಿನೀವಾದ ಹವಾನಿಯಂತ್ರಿತ ಕೋಣೆಯ ಹರಟೆ ಎಂದು ಟಿ.ವಿ.ಯಲ್ಲಿ ಅಬ್ಬರಿಸುವವನ ಮಗ ಗಡಿಯಲ್ಲಿರುವುದಿಲ್ಲ. 2001ರ ಡಿಸೆಂಬರಿನಲ್ಲಿ ಸಂಸತ್ತಿನ ಮೇಲೆ ದಾಳಿಯಾದ ಬಳಿಕ ಪಶ್ಚಿಮ ಗಡಿಯಲ್ಲಿ ಲಕ್ಷಗಟ್ಟಲೆ ನೆಲಬಾಂಬುಗಳನ್ನು ಹೂಳಲಾಯಿತು. ಯುದ್ಧವೇ ನಡೆಯಲಿಲ್ಲ. ಹೂಳುವಾಗಲೂ ತೆಗೆಯುವಾಗಲೂ ಸೈನಿಕರು ಸತ್ತರು, ಗಡಿಯ ರೈತರು ಕೈಕಾಲು ಕಳೆದುಕೊಂಡರು. ನೆಲಬಾಂಬು ನಿಷೇಧದ ಒಪ್ಪಂದದ ಪಠ್ಯ 1997ರಲ್ಲಿ ಅಂತಿಮವಾದದ್ದು ನಾರ್ವೆಯ ಓಸ್ಲೋದಲ್ಲಿ. ಅದಕ್ಕೆ ಭಾರತವೂ ಸಹಿ ಹಾಕಿಲ್ಲ, ಪಾಕಿಸ್ತಾನವೂ ಹಾಕಿಲ್ಲ. ಈ ಒಂದು ವಿಷಯದಲ್ಲಿ ಎರಡೂ ದೇಶಗಳಿಗೆ ಎಂಥ ಒಗ್ಗಟ್ಟು!

ಇದನ್ನು ಹೇಳಿದರೆ ಹೇಡಿಗಳ ಮಾತೆನ್ನುತ್ತಾರೆ. ಖಾನಾಪುರ ತಾಲೂಕಿನ ನಂದಗಡದಲ್ಲಿ 1831ರಲ್ಲಿ ನೇಣಿಗೇರಿದ ಸಂಗೊಳ್ಳಿ ರಾಯಣ್ಣನ ಖಡ್ಗಕ್ಕೆ ನಾವೂ ತಲೆಬಾಗುತ್ತೇವೆ. ನಾಡನ್ನು ಕಸಿದುಕೊಂಡವರ ವಿರುದ್ಧ ಎತ್ತಿದ ಖಡ್ಗವದು. ಅದನ್ನು ಕ್ಷಿಪಣಿಗೆ ಜೈಕಾರ ಹಾಕಲು ಎರವಲು ಪಡೆಯುವುದು ಯಾವ ನ್ಯಾಯ? 2021ರ ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ರಾಯಣ್ಣನ ಪ್ರತಿಮೆಗೇ ಧಕ್ಕೆಯಾಗಿ ಊರು ಬಾಗಿಲು ಹಾಕಿಕೊಂಡಿತು. ಕನ್ನಡ, ಮರಾಠಿ, ಉರ್ದು, ಕೊಂಕಣಿ ಒಂದೇ ಸಂತೆಯಲ್ಲಿ ಕೇಳಿಬರುವ ಖಾನಾಪುರದಂಥ ಊರಿಗೆ ಪಾಲ್ಮೆ ಆಯೋಗದ ಮಾತು ಹೊರಗಿನದ್ದೇನಲ್ಲ. ಪಕ್ಕದ ಓಣಿಯವನು ಹೆದರಿ ಮಲಗಿದ ರಾತ್ರಿ ನಮ್ಮ ಓಣಿಗೂ ನಿದ್ದೆಯಿಲ್ಲ.

ಗಾಂಧೀಜಿ ಅಧ್ಯಕ್ಷತೆ ವಹಿಸಿದ ಏಕೈಕ ಕಾಂಗ್ರೆಸ್ ಅಧಿವೇಶನ ನಡೆದದ್ದು ಬೆಳಗಾವಿಯಲ್ಲಿ, 1924ರ ಡಿಸೆಂಬರಿನಲ್ಲಿ. ಮುತ್ತಮ್ಮ ಹುಟ್ಟಿದ ವರ್ಷವೂ ಅದೇ. 2024ರಲ್ಲಿ ಅಧಿವೇಶನದ ಶತಮಾನೋತ್ಸವಕ್ಕೆ ನಗರವೆಲ್ಲ ದೀಪಗಳಿಂದ ಬೆಳಗಿತು. ಮುತ್ತಮ್ಮನವರಿಗೂ ಅದೇ ವರ್ಷ ನೂರು ತುಂಬಿತ್ತು. ಅವರ ಹೆಸರಿನಲ್ಲಿ ಒಂದು ಹಣತೆಯನ್ನಾದರೂ ಹಚ್ಚಿದವರಿದ್ದರೆ ನಮಗೆ ತಿಳಿಸಲಿ, ಸಂತೋಷಪಡುತ್ತೇವೆ.

ಜನವರಿ 24 ರಾಷ್ಟ್ರೀಯ ಹೆಣ್ಣುಮಗು ದಿನವೂ ಹೌದು. ಶಾಲೆಗಳಲ್ಲಿ ಭಾಷಣ, ರಂಗೋಲಿ ಸ್ಪರ್ಧೆ ಹೇಗೂ ನಡೆಯುತ್ತವೆ. ಬೆಳಗಾವಿಯ ಮತ್ತು ಖಾನಾಪುರದ ಹೆಣ್ಣುಮಕ್ಕಳ ಶಾಲೆಗಳಲ್ಲಿ ಆ ದಿನ ಅರ್ಧ ಗಂಟೆ ಮುತ್ತಮ್ಮನವರ ಕತೆ ಹೇಳಲಿ, ಆ ಮುಚ್ಚಳಿಕೆಯ ವಿಷಯವನ್ನೂ ಬಿಡದೆ. ಇದಕ್ಕೆ ಸರಕಾರದ ಸುತ್ತೋಲೆ ಬೇಕಿಲ್ಲ, ಮುಖ್ಯೋಪಾಧ್ಯಾಯಿನಿ ಮನಸ್ಸು ಮಾಡಿದರೆ ಸಾಕು.