ರೋಗಾಣುವನ್ನು ಹರಿಯುವ ರೆಕ್ಕೆ

ಬೇಸಗೆಯ ಹಗಲಿನಲ್ಲಿ ಮರದ ಮರೆಯಿಂದ ಕಿವಿ ಗುಂಯ್‌ಗುಡುವಂತೆ ಕೂಗುವ ಜೀರುಂಡೆಯನ್ನು ವಾಚಕರೆಲ್ಲರೂ ಬಲ್ಲರು. ಅದರ ಗಾಜಿನಂಥ ರೆಕ್ಕೆಗೆ ನೀರು ಅಂಟದು. ಬಿದ್ದ ಧೂಳೂ ಹನಿಯೊಡನೆ ಜಾರಿಹೋಗುತ್ತದೆ. ಬ್ಯಾಕ್ಟೀರಿಯವೂ ಅದರ ಮೇಲೆ ನಿಲ್ಲಲಾರದೆಂದು ಆಸ್ಟ್ರೇಲಿಯದ ಸ್ವಿನ್‌ಬರ್ನ್ ವಿಶ್ವವಿದ್ಯಾನಿಲಯದ ಎಲೆನಾ ಇವನೋವಾ, ರಸೆಲ್ ಕ್ರಾಫರ್ಡ್ ಮತ್ತು ಅವರ ಸಂಗಡಿಗರು ಎಣಿಸಿದ್ದರು. ಆದರೆ ಆ ದೇಶದ ಒಂದು ಜಾತಿಯ ಜೀರುಂಡೆಯ ರೆಕ್ಕೆಯನ್ನು ಪರೀಕ್ಷಿಸಿದಾಗ ಕಂಡದ್ದೇ ಬೇರೆ. ಬ್ಯಾಕ್ಟೀರಿಯಗಳು ಬಂದು ಕುಳಿತವು. ಸುಮಾರು 5 ನಿಮಿಷಗಳಲ್ಲಿ ಸತ್ತವು. 2012ರಲ್ಲಿ ಈ ಸೋಜಿಗದ ಸಂಗತಿ ಪ್ರಕಟವಾಯಿತು.

ರೆಕ್ಕೆಯಲ್ಲಿ ವಿಷವೇನಾದರೂ ಇದ್ದೀತೇ? ಸಂದೇಹ ನಿವಾರಣೆಗಾಗಿ ಅವರು ಅದಕ್ಕೆ ಅತಿ ತೆಳುವಾದ ಚಿನ್ನದ ಲೇಪ ಕೊಟ್ಟರು. ಆಗಲೂ ಸಾವು ನಿಲ್ಲಲಿಲ್ಲ. ಕೊಲ್ಲುವ ಗುಣವಿರುವುದು ರೆಕ್ಕೆಯ ಆಕಾರದಲ್ಲಿಯೇ ಎಂಬುದು ಸ್ಥಿರಪಟ್ಟಿತು.

ಆ ಆಕಾರವಾದರೂ ಎಂಥದು? ಒಂದು ಮಿಲಿಮೀಟರನ್ನು 10 ಲಕ್ಷ ಪಾಲು ಮಾಡಿದರೆ ಒಂದು ಪಾಲಿಗೆ ನ್ಯಾನೋಮೀಟರ್ ಎಂದು ಹೆಸರು. ರೆಕ್ಕೆಯ ತುಂಬ ಸುಮಾರು 200 ನ್ಯಾನೋಮೀಟರ್ ಎತ್ತರದ ಮೊಂಡು ಕಂಬಗಳು ಒತ್ತೊತ್ತಾಗಿ ನಿಂತಿವೆ. ಇವುಗಳಿಗಿಂತ ಎಷ್ಟೋ ಪಟ್ಟು ದೊಡ್ಡದಾದ ಬ್ಯಾಕ್ಟೀರಿಯ ಮೇಲೆ ಕುಳಿತೊಡನೆ ಅದರ ಪೊರೆ ಕಂಬಗಳ ತಲೆಗೆ ಅಂಟಿಕೊಳ್ಳುತ್ತದೆ. ನಡುವಣ ಸಂದುಗಳಲ್ಲಿ ಜಗ್ಗಿ ಹಿಗ್ಗಿ, ಕೊನೆಗೆ ಹರಿದುಹೋಗುತ್ತದೆ. ಗೂಟಗಳ ಮೇಲೆ ಬಿಗಿಯಾಗಿ ಎಳೆದ ಹಳೆಯ ಪಂಚೆ ನಡುವೆ ಪಿಸಿಯುವಂತೆ ಎನ್ನಬಹುದು. ದಪ್ಪ ಗೋಡೆಯುಳ್ಳ ಬ್ಯಾಕ್ಟೀರಿಯಗಳು ಮಾತ್ರ ಬದುಕಿಕೊಂಡವು. ಆದರೆ ಮಕ್ಕಳು ಏರೋಪ್ಲೇನ್ ಚಿಟ್ಟೆಯೆಂದು ಕರೆಯುವ ಕೀಟದ ರೆಕ್ಕೆ ಅವನ್ನೂ ಕೊಲ್ಲಬಲ್ಲುದೆಂದು 2013ರಲ್ಲಿ ತಿಳಿದುಬಂತು.

ಇದರಿಂದ ನಮಗೇನು ಪ್ರಯೋಜನವೆಂದು ಕೇಳಬಹುದು. ಮನೆಯ ಹಿರಿಯರ ಸವೆದ ಮಂಡಿಗೆ ಇಂದು ಲೋಹದ ಕೀಲು ಜೋಡಿಸುತ್ತಾರೆ. ಅದರ ಮೇಲೆ ಬ್ಯಾಕ್ಟೀರಿಯಗಳು ನೆಲೆಸಿ ಲೋಳೆಯ ಕೋಟೆ ಕಟ್ಟಿಕೊಂಡರೆ ಔಷಧ ಒಳಹೊಗುವುದು ದುಸ್ತರ. ಕೆಲವೊಮ್ಮೆ ಕೀಲನ್ನೇ ತೆಗೆದು, ಮತ್ತೆ ಶಸ್ತ್ರಚಿಕಿತ್ಸೆ ಮಾಡಬೇಕಾಗುತ್ತದೆ. ಔಷಧಗಳಿಗೆ ಜಗ್ಗದ ರೋಗಾಣುಗಳೂ ಹೆಚ್ಚುತ್ತಿವೆ. ಕೀಲಿನ ಮೈಯೇ ಅವನ್ನು ಹರಿದುಹಾಕುವಂತಿದ್ದರೆ ಎಷ್ಟು ಲೇಸು!

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಟೈಟೇನಿಯಮ್ ಲೋಹದ ಮೇಲೆ ಇಂಥ ಮುಳ್ಳುಗಳನ್ನು ಎಬ್ಬಿಸಿ, 2017ರಲ್ಲಿ ಫಲಿತಾಂಶ ಪ್ರಕಟಿಸಿದರು. ಅಂಟಿದ ಈ-ಕೋಲೈ ಬ್ಯಾಕ್ಟೀರಿಯಗಳಲ್ಲಿ ನೂರಕ್ಕೆ ಸುಮಾರು 95 ಸತ್ತವು. ಸ್ಟ್ಯಾಫಿಲೊಕಾಕಸ್‌ನಲ್ಲಿ ಸತ್ತದ್ದು ಸುಮಾರು 22 ಮಾತ್ರ. ಮೂಳೆಯ ಸೋಂಕಿಗೆ ಮುಖ್ಯ ಕಾರಣ ಈ ಎರಡನೆಯದೇ ಎಂಬುದನ್ನು ಮರೆಯುವಂತಿಲ್ಲ. ಸತ್ತವುಗಳ ರಾಶಿ ಮುಳ್ಳುಗಳನ್ನು ಮುಚ್ಚಿಬಿಡುವ ಭಯವೂ ಉಂಟು. ರೆಕ್ಕೆ ಬಂದ ಜೀರುಂಡೆಯ ಬಾಳು ಕೆಲವೇ ವಾರಗಳದು. ಮಂಡಿಯ ಕೀಲಾದರೋ ವರ್ಷಗಟ್ಟಲೆ ಬಾಳಬೇಕು. ಕೀಟದಿಂದ ಕಲಿತ ಪಾಠಕ್ಕೆ ಮನುಷ್ಯನು ಇನ್ನೂ ಬಹಳಷ್ಟನ್ನು ಸೇರಿಸಬೇಕಾಗಿದೆ.