ಮಬ್ಬುಬೆಳಕಿಗೆ ದೊಡ್ಡ ಬೈನಾಕ್ಯುಲರ್
ಅಮೆರಿಕದಲ್ಲಿ ಜಿಂಕೆ ಬೇಟೆಗೆ ಹೋಗುವವರಲ್ಲಿ ಕೆಲವರು ಜೇಬಿಗೆ ಹಿಡಿಸುವ 8×25 ಬೈನಾಕ್ಯುಲರ್ ಸಾಕೆನ್ನುತ್ತಾರೆ, ನಾನು ಒಪ್ಪುವುದಿಲ್ಲ. ಜಿಂಕೆಗಳು ಮೇಯಲು ಬಯಲಿಗಿಳಿಯುವುದು ಹೆಚ್ಚಾಗಿ ನಸುಕಿನಲ್ಲಿ, ಮುಸ್ಸಂಜೆಯಲ್ಲಿ. ಮುಂದಿನ ಮಸೂರದ ವ್ಯಾಸವನ್ನು (× ಗುರುತಿನ ನಂತರದ ಸಂಖ್ಯೆ, ಮಿ.ಮೀ.ಗಳಲ್ಲಿ) ವರ್ಧನೆಯಿಂದ (ಅದರ ಹಿಂದಿನ ಸಂಖ್ಯೆ) ಭಾಗಿಸಿದರೆ ಕಣ್ಣಿಗೆ ಬೀಳುವ ಬೆಳಕಿನ ಬಿಲ್ಲೆಯ ಅಗಲ ಸಿಗುತ್ತದೆ: 8×25ರಲ್ಲಿ ಸುಮಾರು 3 ಮಿ.ಮೀ., ದೊಡ್ಡದಾದ 8×42ರಲ್ಲಿ 5 ಮಿ.ಮೀ.ಗೂ ಹೆಚ್ಚು. ಮಬ್ಬಿನಲ್ಲಿ ಹಿಗ್ಗಿದ ಕಣ್ಣಪಾಪೆಗೆ ಮೊದಲನೆಯದು ಸಾಲದು. ಪೊದೆಯ ನೆರಳಲ್ಲಿ ಕೊಂಬು ಯಾವುದು, ಒಣಗಿದ ರೆಂಬೆ ಯಾವುದು ಎಂಬುದೇ ತಿಳಿಯುವುದಿಲ್ಲ. ಗುರಿಯನ್ನು ಗುರುತಿಸದೆ ಹಾರಿಸಿದ ಗುಂಡಿಗೆ ಮನುಷ್ಯರೂ ಬಲಿಯಾಗಿರುವಾಗ ಇದು ಸಣ್ಣ ಕೊರತೆಯಲ್ಲ. ದೊಡ್ಡದು ಸುಮಾರು ಎರಡರಷ್ಟು ತೂಗುತ್ತದೆ ಎಂಬ ಆಕ್ಷೇಪ ನಿಜವೇ, ಆದರೆ ಎದೆಪಟ್ಟಿ ಹಾಕಿಕೊಂಡರೆ ಕತ್ತಿನ ಭಾರ ಹೆಗಲಿಗೆ ಹಂಚಿಹೋಗುತ್ತದೆ. ನಡುಹಗಲಿನ ಬಿಸಿಲಲ್ಲಿ ಬೆಟ್ಟ ಹತ್ತುತ್ತಲೇ ನೋಡುವವರಿಗೆ ಮಾತ್ರ ಚಿಕ್ಕದು ಸರಿ. ಆಗ ಕಣ್ಣಪಾಪೆಯೇ ಕುಗ್ಗಿರುವುದರಿಂದ ಹೆಚ್ಚುವರಿ ಬೆಳಕು ಉಪಯೋಗಕ್ಕೆ ಬರುವುದಿಲ್ಲ.